ತಿಂಗಳು ತಿಂಗಳೂ ಸರ್ವೀಸ್

ನನ್ನ ಬಾಯಿ ಜೋರು ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೆ ಒಂದು ಉದ್ದನೆಯ ಫಾರಿನ್ ಕಾರು ಅಡ್ಡಡ್ಡ ನಿಂತಿದ್ದು, ಅದರ ಮೂತಿಯನ್ನು ಸುತ್ತಿ ಹೋಗಿ ಬೀದಿ ನಲ್ಲಿಯಲ್ಲಿ ಕೊಡ ಹಿಡಿಯಬೇಕಾಗಿ ಬಂದಿದ್ದರೆ ಅವರ ಬಾಯಿಯೂ ಜೋರಾಗುತ್ತಿತ್ತು. ಎಂಟು ತಿಂಗಳು ಆ ಗಾಡಿ ನಮ್ಮ ಮನೆಯ ಅನ್ನ ತಿಂದಿತು. ನಾನು ಹೊಲಿದ ರವಿಕೆಗಳನ್ನು ತಿಂದಿತು, ನನ್ನ ನಿದ್ದೆ ತಿಂದಿತು. ಅದರ ಕಂಪನಿಯ ಹೆಸರು ಇವತ್ತಿಗೂ ನನ್ನ ನಾಲಿಗೆಯಲ್ಲಿ ನೆಟ್ಟಗೆ ಹೊರಳುವುದಿಲ್ಲ.

ನಮ್ಮ ಯಜಮಾನರು ಕೊಂಡಪ್ಪ ಅಂತ. ಚಿಕ್ಕಬಳ್ಳಾಪುರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಸ್ವಂತ ಟ್ಯಾಕ್ಸಿ ಆಗುವ ಮೊದಲು ಒಬ್ಬ ದ್ರಾಕ್ಷಿ ತೋಟದ ಮಾಲೀಕರ ಹತ್ತಿರ ಹನ್ನೊಂದು ವರ್ಷ ಡ್ರೈವರಾಗಿದ್ದರು. ಆ ಮನೆಯಲ್ಲಿ ಇವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಂಟು ವರ್ಷದ ಮೊಮ್ಮಗನೂ "ಲೇ ಡ್ರೈವರ್" ಎನ್ನುತ್ತಿದ್ದ. ಇವರ ತಾಯಿ ತೀರಿಕೊಂಡ ದಿನ ಆ ಮಾಲೀಕರು ಬೆಂಗಳೂರಿನ ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತಾ ಕೂತಿದ್ದರಂತೆ. ಫೋನು ಬಂದಿದೆ, ಹೊರಡೋಣ ಬುದ್ಧಿ ಎಂದು ಇವರು ಕೈಮುಗಿದು ನಿಂತರೆ, "ಇದೊಂದು ಆಟ ಮುಗೀಲಿ ತಡಿಯಪ್ಪ" ಎಂದರಂತೆ. ಆಟ ಮುಗಿದು ಇವರು ಊರು ಸೇರುವಷ್ಟರಲ್ಲಿ ನಮ್ಮತ್ತೆಯನ್ನು ಮಣ್ಣು ಮಾಡಿ ಎಲ್ಲರೂ ಸ್ನಾನ ಮಾಡಿಕೊಂಡು ಕೂತಿದ್ದರು. ಅವತ್ತೇ ಇವರು ಗಾಡಿಯ ಬೀಗದ ಕೈ ಅವರ ಟೇಬಲ್ಲಿನ ಮೇಲಿಟ್ಟು ಬಂದರು. ಇನ್ನೊಬ್ಬರ ಗಾಡಿ ಮುಟ್ಟುವುದಿಲ್ಲ ಎಂದು ತಾಯಿಯ ಗುಂಡಿಯ ಹತ್ತಿರ ನಿಂತು ಹೇಳಿದರು.

ಆಮೇಲೆ ನಾವು ಪಟ್ಟ ಪಾಡು ಬೇಡ. ನನ್ನ ಎರಡೆಳೆ ಸರ ಮಾರಿ, ಹಗಲೂ ಇರುಳೂ ಮೆಷಿನ್ ತುಳಿದು, ಎಂಬತ್ತಾರರಲ್ಲಿ ಒಂದು ಹಳೆಯ ಅಂಬಾಸಿಡರ್ ತೆಗೆದುಕೊಂಡೆವು. ಅದು ನಮ್ಮನ್ನು ಚೆನ್ನಾಗಿಯೇ ನೋಡಿಕೊಂಡಿತು. ಕೆಟ್ಟರೆ ತಂತಿ ಕಟ್ಟಿದರೂ ಓಡುತ್ತಿತ್ತು. ಸ್ಟ್ಯಾಂಡಿನಲ್ಲಿ ಇವರನ್ನು ಎಲ್ಲರೂ "ಓನರ್ ಕೊಂಡಪ್ಪ" ಎನ್ನಲು ಶುರು ಮಾಡಿದರು. ನನಗೆ ದೇವರಲ್ಲಿ ಬೇರೇನೂ ಕೇಳುವುದಿರಲಿಲ್ಲ. ಈ ಮನುಷ್ಯ ಮತ್ತೆ ಯಾರ ಬಾಗಿಲಲ್ಲೂ ಡ್ರೈವರ್ ಎನಿಸಿಕೊಂಡು ನಿಲ್ಲಬಾರದು, ಅಷ್ಟೇ.

ತೊಂಬತ್ತೆರಡರ ಮಾಘದಲ್ಲಿ ವಿದುರಾಶ್ವತ್ಥಕ್ಕೆ ಬಾಡಿಗೆ ಹೋಗಿ ಬರುವಾಗ ಇವರಿಗೆ ಗೌರಿಬಿದನೂರಿನಲ್ಲಿ ಒಂದು ಮದುವೆ ಮೆರವಣಿಗೆ ಎದುರಾಯಿತು. ಗಂಡು ಕೂತಿದ್ದದ್ದು ಬೆಂಗಳೂರಿನಿಂದ ತರಿಸಿದ ಫಾರಿನ್ ಗಾಡಿಯಲ್ಲಿ. ಜನ ಗಂಡನ್ನು ಬಿಟ್ಟು ಗಾಡಿಯನ್ನು ನೋಡುತ್ತಿದ್ದರಂತೆ. ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಅನಸೂಯ, ಒಂದು ಸಾಯಂಕಾಲಕ್ಕೆ ನಮ್ಮ ವಾರದ ಬಾಡಿಗೆ ಕಣೇ! ಅದೂ ನಡ್ಕೊಂಡು ಹೋಗೋ ಸ್ಪೀಡಲ್ಲಿ. ಡೀಸೆಲ್ ಉಳೀತು, ಟೈರೂ ಸವೆಯಲ್ಲ."

"ನಮ್ಮ ಗಾಡಿಗೇ ಹೂವಿನ ಹಾರ ಹಾಕ್ಕೊಂಡು ಹೋಗಿ. ಯಾರು ಬೇಡ ಅಂದ್ರು?"

"ಇದಕ್ಕೆ ಹಾರ ಹಾಕಿದ್ರೆ ಎಲೆಕ್ಷನ್ ಗಾಡಿ ಥರ ಕಾಣ್ತದೆ."

ನಾನು ನಕ್ಕುಬಿಟ್ಟೆ. ಅದೇ ತಪ್ಪಾಯಿತು. ನಾನು ನಕ್ಕರೆ ಒಪ್ಪಿದ ಹಾಗೆ ಎಂದು ಈ ಮನುಷ್ಯ ತಿಳಿದಿದ್ದಾರೆ. ತಿಂಗಳೊಳಗೆ ಒಂದು ಗಾಡಿ ಪತ್ತೆ ಮಾಡಿಯೇಬಿಟ್ಟರು.

ಗಾಡಿ ಶಿಡ್ಲಘಟ್ಟದಲ್ಲಿತ್ತು. ರೇಷ್ಮೆ ನೂಲಿನ ವ್ಯಾಪಾರಿಯೊಬ್ಬರು ಬೊಂಬಾಯಿಯಿಂದ ಆಸೆಪಟ್ಟು ತರಿಸಿದ್ದು. ಅವರು ತೀರಿಕೊಂಡಿದ್ದರು, ಮನೆಯಲ್ಲಿ ಅದರಲ್ಲಿ ಓಡಾಡುವವರು ಇಲ್ಲದೆ ಅವರ ಹೆಂಡತಿ ವಜೀರುನ್ನೀಸಾ ಮಾರಲು ಇಟ್ಟಿದ್ದರು. ನೋಡಲು ನಾನೂ ಹೋದೆ. ವಯಸ್ಸಾದ, ಬೆಳ್ಳಗಿನ, ಮೆಲ್ಲಗೆ ಮಾತಾಡುವ ಹೆಂಗಸು. ಶೆಡ್ಡಿನ ಬಾಗಿಲು ತೆಗೆಸಿ, ಗಾಡಿಯ ಮೇಲಿನ ಬಟ್ಟೆ ಸರಿಸಿದರು. ಏನು ಹೇಳಲಿ, ಬಿಳೀ ಗಾಡಿ ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು. ಇವರು ಒಳಗೆ ಕೂತು ಬಾಗಿಲು ಹಾಕಿಕೊಂಡರು. ಆ ಬಾಗಿಲು ಹಾಕಿದ ಸದ್ದು ಕೇಳಿಯೇ ಇವರ ಬುದ್ಧಿ ಹೋಯಿತು ಎಂದು ನನಗೆ ಆಗಲೇ ಗೊತ್ತಾಯಿತು.

ಆದರೂ ಕೇಳಬೇಕಾದ್ದನ್ನು ಕೇಳಿದರು, ಇಲ್ಲ ಎನ್ನಲಾರೆ.

"ಅಮ್ಮಾ, ಗಾಡಿ ಸರ್ವೀಸ್ ಎಲ್ಲ ಕರೆಕ್ಟಾಗಿ ಆಗಿದೆಯಾ?"

"ಏನಪ್ಪಾ ಹಂಗೆ ಕೇಳ್ತೀಯ!" ಎಂದರು ಆಕೆ. "ತಿಂಗ್ಳು ತಿಂಗ್ಳೂ ಸರ್ವೀಸ್. ನಮ್ಮ ಯಜಮಾನ್ರು ಒಂದು ತಿಂಗ್ಳೂ ತಪ್ಪಿಸ್ದೋರಲ್ಲ. ಅವರು ಹೋದ ಮೇಲೂ ನಾನು ನಿಲ್ಲಿಸಿಲ್ಲ. ಹೋದ ತಿಂಗ್ಳೂ ಆಗಿದೆ. ಬೇಕಾದ್ರೆ ಬಂಕಲ್ಲಿ ಕೇಳ್ಕೊಂಡು ಬನ್ನಿ."

ನಾವು ಕೇಳಿಕೊಂಡೂ ಬಂದೆವು. ಯಾರೂ ನಮ್ಮನ್ನು ಪೆದ್ದರು ಎನ್ನುವ ಹಾಗಿಲ್ಲ. ಊರ ಹೊರಗಿನ ಪೆಟ್ರೋಲ್ ಬಂಕಿಗೆ ಹೋಗಿ ಅಲ್ಲಿದ್ದವನನ್ನು ವಿಚಾರಿಸಿದರೆ, ಆ ಪುಣ್ಯಾತ್ಮ ಇನ್ನೂ ಜೋರು: "ಸಾಹೇಬ್ರ ಬಿಳೀ ಗಾಡಿನಾ? ತಿಂಗ್ಳು ತಿಂಗ್ಳೂ ಇಲ್ಲೇ ಸರ್ವೀಸು, ನನ್ನ ಕೈಯಿಂದಾನೇ. ಬಗ್ಗಿ ಅಡಿಯಲ್ಲಿ ನೋಡಣ್ಣ, ಹೆಂಗಿಟ್ಟಿದೀನಿ ಅಂತ." ಇವರು ಬಂದು ಗಾಡಿಯ ಅಡಿ ಬಗ್ಗಿ ನೋಡಿ, ಮೊಣಕಾಲು ಒರೆಸಿಕೊಂಡು ಎದ್ದು, "ಅನ್ನ ಹಾಕ್ಕೊಂಡು ತಿನ್ಬೋದು ಕಣೇ ಅಲ್ಲಿ" ಎಂದರು.

ತಿಂಗಳು ತಿಂಗಳೂ ಸರ್ವೀಸ್ ಎಂಬ ಮಾತನ್ನು ದಾರಿಯುದ್ದಕ್ಕೂ ಮಂತ್ರದ ಹಾಗೆ ಹೇಳಿಕೊಂಡು ಬಂದರು. ನಮ್ಮ ಅಂಬಾಸಿಡರ್ ವರ್ಷಕ್ಕೊಂದು ಸಲ ಮೆಕ್ಯಾನಿಕ್ ಮುಖ ಕಂಡರೆ ಹೆಚ್ಚು. ಇದು ತಿಂಗಳಿಗೊಂದು ಸಲ! ದೊಡ್ಡ ಮನುಷ್ಯರು ಗಾಡಿ ಇಟ್ಟುಕೊಳ್ಳುವುದು ಎಂದರೆ ಹೀಗೆ ಎಂದು ನನಗೂ ಅನ್ನಿಸಿತು. ಅಂಬಾಸಿಡರ್ ಮಾರಿದೆವು. ಸ್ಟ್ಯಾಂಡಿನವನೇ ಒಬ್ಬ ತೆಗೆದುಕೊಂಡ. ಅದು ಇವತ್ತಿಗೂ ನಮ್ಮ ಮನೆಯ ಮುಂದೆಯೇ ಹಾರನ್ ಹೊಡೆದುಕೊಂಡು ಓಡಾಡುತ್ತದೆ.

ಮೊದಲ ಮೂರು ನಾಲ್ಕು ಮದುವೆ ಚೆನ್ನಾಗಿ ಆಯಿತು. ಇವರು ಬಿಳೀ ಷರ್ಟು ಹಾಕಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿ ಹೊರಡುವುದೇನು! ಗಂಡಿನ ಕಡೆಯವರು ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸುತ್ತಿದ್ದರಂತೆ, ಗಾಡಿ ಓನರ್ ಎಂದು. ಆಮೇಲೆ ಮೇಲೂರಿನ ಮದುವೆ ಬಂತು. ಹೂವಿನವನು ಚೆಂದ ಕಾಣಲಿ ಎಂದು ಗಾಡಿಯ ಮೂತಿಗೆ ಚೆಂಡುಹೂವಿನ ದಪ್ಪ ಪರದೆ ಹೊದಿಸಿದ್ದಾನೆ. ಗಾಳಿ ಆಡುವ ಜಾಗವೇ ಇಲ್ಲ. ಮುಂದೆ ವಾದ್ಯದವರು, ಹೆಜ್ಜೆಗೊಂದು ಕುಣಿತ, ಗಾಡಿ ತೆವಳುತ್ತಿದೆ. ಮೇಲೂರಿನ ನಡುಬೀದಿಯಲ್ಲಿ ಮೂತಿಯಿಂದ ಹಬೆ ಎದ್ದಿತು. ಗಂಡು ರೇಷ್ಮೆ ಪಂಚೆ ಎತ್ತಿಕೊಂಡು ಕೆಳಗೆ ಹಾರಿದ. ಹಿಂದಿನ ಗಲಾಟೆಯಲ್ಲಿ ಯಾರೋ ಬೆಂಕಿ ಎಂದು ಕೂಗಿದರಂತೆ. ಹೆಣ್ಣಿನ ತಂದೆ ಇವರಿಗೆ ಆಡಬಾರದ ಮಾತೆಲ್ಲ ಆಡಿದರು.

ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು. ನಮ್ಮ ಮೆಕ್ಯಾನಿಕ್ ಅಸ್ಗರ್, ಸ್ಟ್ಯಾಂಡಿನ ಹಿಂದೆ ಅವನ ಶೆಡ್ಡು. ಬಾನೆಟ್ ಎತ್ತಿ ನೋಡಿದಾಗಲೆಲ್ಲ ಅವನು ಹೇಳುವುದು ಒಂದೇ ಮಾತು: "ಚಿಲ್ಲರೆ ಕೆಲಸ ಅಕ್ಕ." ಅವನ ಚಿಲ್ಲರೆ ಕೆಲಸಕ್ಕೆ ಬೆಂಕಿ ಬೀಳ! ನೀರಿನ ಪಂಪು ಹೋಗಿದೆ, ಚಿಲ್ಲರೆ ಕೆಲಸ. ಆ ಪಂಪು ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿ ಅಂಗಡಿ ಸುತ್ತಿದರೂ ಇಲ್ಲ, ಬೊಂಬಾಯಿಂದ ಬರಬೇಕು. ಬೊಂಬಾಯಿಂದ ಬಂದದ್ದು ಬೇರೆ ಮಾಡಲ್‌ನದು. ಅದನ್ನು ವಾಪಸ್ಸು ಕಳಿಸಿ ಇನ್ನೊಂದು ಬರುವಷ್ಟರಲ್ಲಿ ಎರಡು ಮದುವೆ ಕೈತಪ್ಪಿ ಹೋದವು. ಪಂಪು ಸರಿಹೋದರೆ ಕಿಟಕಿಯ ಗಾಜು ಇಳಿಯುವುದಿಲ್ಲ. ಗಾಜು ಇಳಿಸುವ ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆ ಒಂದಕ್ಕೆ ಅಂಗಡಿಯವನು ಹೇಳಿದ ರೇಟು ಕೇಳಿ, ನಾನು ಬಂಗಾರದ್ದಾ ಎಂದು ಕೇಳಿದೆ. ಅವನು ನಗಲಿಲ್ಲ. "ಫಾರಿನ್ ಗಾಡಿ ಇಟ್ಕೊಂಡೋರು ಹಿಂಗೆಲ್ಲ ಕೇಳಲ್ಲಮ್ಮ" ಎಂದ.

ಅದು ನನಗೆ ಬಹಳ ತಾಕಿತು. ಇಟ್ಟುಕೊಂಡವರಂತೆ! ಅದು ನಮ್ಮನ್ನು ಇಟ್ಟುಕೊಂಡಿತ್ತು. ಗಾಡಿ ತೆಗೆದುಕೊಳ್ಳುವ ದುಡ್ಡನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಅದು ಮನೆಗೆ ಬಂದ ಮೇಲೆ ದಿನಾ ಬಾಯಿ ಬಿಡುತ್ತದಲ್ಲ, ಅದಕ್ಕೇನು ಹಾಕುವುದು ಎಂದು ಯಾರೂ ಕೇಳುವುದಿಲ್ಲ. ಬಡವರು ಶ್ರೀಮಂತರ ಹಳೆಯ ಸೀರೆ ಉಡಬಹುದು. ಹಳೆಯ ಗಾಡಿ ತೆಗೆದುಕೊಂಡರೆ ಅದು ನಮ್ಮ ಮನೆಯಲ್ಲೂ ಶ್ರೀಮಂತರ ಊಟವನ್ನೇ ಕೇಳುತ್ತದೆ. ಎದುರುಮನೆ ಓಬಳಮ್ಮ ಬೇರೆ ದಿನಾ ಬೆಳಿಗ್ಗೆ ರಂಗೋಲಿ ಹಾಕುತ್ತಾ, "ಏನೇ ಅನಸೂಯ, ನಿಮ್ಮನೆ ಆನೆ ಇವತ್ತಾದ್ರೂ ಎದ್ದೇಳ್ತದಾ?" ಎಂದು ಕೇಳುವಳು. ಒಂದು ದಿನ ಅವಳ ರಂಗೋಲಿ ಡಬ್ಬಿಯನ್ನೇ ಕಿತ್ತು ಚರಂಡಿಗೆ ಎಸೆದುಬಿಟ್ಟೆ. ಮೂರು ದಿನ ಬೀದಿಯಲ್ಲಿ ಅದೇ ಮಾತು.

ಇವರಿಗೆ ಮಾತ್ರ ಸಿಟ್ಟೇ ಇಲ್ಲ. "ಆಗ್ತದೆ ಬಿಡೇ, ತಿಂಗ್ಳು ತಿಂಗ್ಳೂ ಸರ್ವೀಸ್ ಆಗಿರೋ ಗಾಡಿ, ಇಂಜಿನ್ ಒಂದು ಗಟ್ಟಿ ಇದ್ರೆ ಸಾಕು" ಎನ್ನುವರು. ಆ ಇಂಜಿನ್ನು ಕಾರ್ತಿಕದಲ್ಲಿ ಚಿಂತಾಮಣಿಯ ಮದುವೆ ಮುಗಿಸಿಕೊಂಡು ಬರುವಾಗ ಕಟಕಟ ಎಂದು ಸದ್ದು ಮಾಡಿ ಬಿಗಿದುಕೊಂಡು ನಿಂತುಬಿಟ್ಟಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು.

ಅಸ್ಗರ್ ಇಂಜಿನ್ ಬಿಚ್ಚಿದ. ಈ ಸಲ ಚಿಲ್ಲರೆ ಕೆಲಸ ಎನ್ನಲಿಲ್ಲ. ಒಳಗೆ ಸ್ಪ್ಯಾನರ್ ಹಾಕಿ ತೆಗೆದರೆ ಅದಕ್ಕೆ ಡಾಂಬರಿನಂಥದ್ದು ಮೆತ್ತಿಕೊಂಡು ಬಂತು.

"ಅಣ್ಣಾ, ಇದಕ್ಕೆ ಆಯಿಲ್ ಯಾವಾಗ ಬದಲಾಯಿಸಿದ್ದು?"

"ತಿಂಗ್ಳು ತಿಂಗ್ಳೂ ಸರ್ವೀಸ್ ಅಲ್ವೇನೋ. ನಮ್ಮ ಕೈಗೆ ಬಂದ ಮೇಲೆ ಓಡಿದ್ದಾದ್ರೂ ಎಷ್ಟು? ಆಯಿಲ್ ಅಳತೆ ಕಡ್ಡಿ ಎತ್ತಿ ನೋಡ್ತಾನೇ ಇದ್ದೆ, ಅಳತೆ ಸರಿಯಾಗೇ ಇತ್ತು. ಕಪ್ಪಗಿತ್ತು, ಅಷ್ಟೇ. ಡೀಸೆಲ್ ಗಾಡಿ ಆಯಿಲ್ ಕಪ್ಪಗಲ್ದೆ ಬೆಳ್ಳಗಿರ್ತದಾ?"

"ಇದು ಬದಲಾಯಿಸಿರೋ ಆಯಿಲ್ ಅಲ್ಲಣ್ಣ. ಕಮ್ಮಿ ಆದಾಗೆಲ್ಲ ಮೇಲೆ ಮೇಲೆ ಸುರಿದಿದಾರೆ. ವರ್ಷಗಟ್ಟಲೆ ಇದನ್ನ ಯಾರೂ ಇಳಿಸೇ ಇಲ್ಲ. ಒಳಗೆಲ್ಲ ತಿಂದ್ಹೋಗಿದೆ."

ನನಗೆ ಮೈಯೆಲ್ಲ ಉರಿಯಿತು. "ಎಂಟು ತಿಂಗಳಿಂದ ಇದರ ಹೊಟ್ಟೆ ಒಳಗೇ ತಲೆ ಇಟ್ಕೊಂಡಿದ್ಯಲ್ಲೋ, ನಿನಗೆ ಕಾಣ್ಲಿಲ್ವಾ?" ಎಂದೆ.

"ನೀವೇ ಅಲ್ವಾ ಅಕ್ಕ, ಸರ್ವೀಸ್ ಆಗಿರೋ ಗಾಡಿ, ಅದಕ್ಕೆ ಕೈ ಹಾಕಬೇಡ ಅಂದಿದ್ದು?" ಎಂದ ಅಸ್ಗರ್. ಹೇಳಿದ್ದು ನಮ್ಮವರು. ಹೊಸ ಇಂಜಿನ್ ಹಾಕಿಸುವ ದುಡ್ಡಿಗೆ ನಮ್ಮಂಥವರು ಮನೆ ಕಟ್ಟಿಸಬಹುದು ಎಂದೂ ಅವನೇ ಹೇಳಿದ. ಇವರು ಶೆಡ್ಡಿನ ಮೂಲೆಯ ಹಳೆಯ ಟೈರಿನ ಮೇಲೆ ಕೂತು ತಲೆ ತಗ್ಗಿಸಿ, "ಏಂ ಚೇಸೇದಿ, ಏಂ ಚೇಸೇದಿ", ಏನು ಮಾಡೋದು, ಏನು ಮಾಡೋದು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ದುಃಖ ಹೆಚ್ಚಾದರೆ ಇವರಿಗೆ ತಾಯಿಯ ತೆಲುಗೇ ಬರುವುದು.

ಆ ಹೆಂಗಸು ನಮಗೆ ಸುಳ್ಳು ಹೇಳಿ ಮೋಸ ಮಾಡಿದಳು! ಮೆತ್ತಗೆ ಮಾತಾಡಿ ಕುತ್ತಿಗೆ ಕುಯ್ದಳು! ಮಾರನೆಯ ಬೆಳಿಗ್ಗೆ ಇವರಿಗೆ ಹೇಳದೆ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಏನೇನು ಬೈಯಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಪಕ್ಕದಲ್ಲಿ ಕೂತಿದ್ದಾಕೆ ನನ್ನ ತುಟಿ ಅಲ್ಲಾಡುವುದನ್ನು ನೋಡಿ ದೇವರ ನಾಮ ಹೇಳಿಕೊಳ್ಳುತ್ತಿದ್ದೇನೆ ಎಂದುಕೊಂಡಳೋ ಏನೋ, ನನಗೆ ತಾಕದಿರಲಿ ಎಂದು ಕಾಲು ಹಿಂದಕ್ಕೆ ತೆಗೆದುಕೊಂಡಳು.

ವಜೀರುನ್ನೀಸಾ ಬಾಗಿಲಲ್ಲೇ ಸಿಕ್ಕರು. ನನ್ನನ್ನು ನೋಡಿ ಮುಖ ಅರಳಿಸಿ, "ಬಾಮ್ಮ, ಬಾ, ಗಾಡಿ ಹೆಂಗಿದೆ?" ಎಂದರು.

"ಗಾಡಿ ಸತ್ತೋಯ್ತು. ನೀವು ಹಿಂಗೆ ಸುಳ್ಳು ಹೇಳ್ಬಾರದಾಗಿತ್ತು. ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲ ಅಮ್ಮ!"

"ಯಾ ಅಲ್ಲಾ! ನಾನೇನು ಸುಳ್ಳು ಹೇಳ್ದೆ?"

"ತಿಂಗ್ಳು ತಿಂಗ್ಳೂ ಸರ್ವೀಸ್ ಅಂತ ಹೇಳ್ಲಿಲ್ವಾ?"

"ಹೇಳ್ದೆ. ಮಾಡಿಸ್ತಿದ್ವಲ್ಲ."

"ಏನು ಮಾಡ್ತಿದ್ರು ಹಂಗಾದ್ರೆ? ಏನು ಮಾಡ್ತಿದ್ರು ಸರ್ವೀಸಲ್ಲಿ?"

ಆಕೆ ಸ್ವಲ್ಪ ಗಾಬರಿಯಾಗಿ, ಆದರೆ ಒಂದೊಂದಾಗಿ ಹೇಳಿದರು. "ಗಾಡಿನ ಮೇಲಕ್ಕೆ ಏರಿಸ್ತಿದ್ರು. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ಅಡಿ ಎಲ್ಲ ತೊಳೀತಿದ್ರು. ಚಕ್ರದ ಸಂದಿ ಮಣ್ಣೂ ಬಿಡ್ತಿರ್ಲಿಲ್ಲ. ಆಮೇಲೆ ಸೋಪು ಹಾಕಿ ಉಜ್ಜಿ, ಒರೆಸಿ, ಪಾಲಿಶು. ಯಜಮಾನ್ರು ಅಲ್ಲೇ ಕುರ್ಚಿ ಹಾಕ್ಕೊಂಡು ಕೂತು ಮಾಡಿಸ್ತಿದ್ರು. ಸರ್ವೀಸ್ ಅಂದ್ರೆ ಅದೇ ಅಲ್ವಾ ಅಮ್ಮ?"

ಅದೇ. ನಮ್ಮ ಕಡೆ ಸರ್ವೀಸ್ ಎಂದರೆ ಅದೇ. ಬಂಕಿನ ಪಕ್ಕದಲ್ಲಿ ಸರ್ವೀಸ್ ಸ್ಟೇಷನ್ ಎಂದು ಬೋರ್ಡು ಹಾಕಿಕೊಂಡು ಅವರು ಮಾಡುವುದು ನೀರು ಹೊಡೆಯುವ ಕೆಲಸವನ್ನೇ. ನಮ್ಮ ಸ್ಟ್ಯಾಂಡಿನ ಡ್ರೈವರುಗಳೂ ಗಾಡಿ ಸರ್ವೀಸಿಗೆ ಬಿಟ್ಟಿದೀನಿ ಎಂದರೆ ತೊಳೆಯಲು ಬಿಟ್ಟಿದ್ದಾರೆ ಎಂದೇ ಅರ್ಥ. ನಮ್ಮವರೂ ದಿನಾ ಹಾಗೆಯೇ ಹೇಳುವುದು. ಆದರೆ ಅವತ್ತು ಆ ಬಿಳೀ ಗಾಡಿಯ ಮುಂದೆ ನಿಂತು, ದೊಡ್ಡ ಮನೆಯವರು ಹೇಳುವ ಸರ್ವೀಸ್ ಬೇರೆ, ಇಂಜಿನ್ ಬಿಚ್ಚಿ ನೋಡುವ ಕಂಪನಿ ಸರ್ವೀಸು ಎಂದು ತಿಳಿದರು. ಆ ತಾಯಿ, ಕೇಳುತ್ತಿರುವವನು ಡ್ರೈವರು, ಅವನಿಗೆ ಅವನ ಮಾತಿನಲ್ಲೇ ಹೇಳಿದರೆ ಸರಿ ಎಂದು ಡ್ರೈವರುಗಳ ಸರ್ವೀಸ್ ಹೇಳಿದರು. ಒಬ್ಬರೂ ಸುಳ್ಳು ಹೇಳಿರಲಿಲ್ಲ. ಬಂಕಿನವನೂ ಸುಳ್ಳು ಹೇಳಿರಲಿಲ್ಲ.

"ಮತ್ತೆ ಆಯಿಲ್?" ಎಂದು ಕೇಳಿದೆ.

"ಆಯಿಲ್ ಕಮ್ಮಿ ಆದ್ರೆ ಡ್ರೈವರ್ ಹಾಕ್ತಿದ್ದ."

ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ದಂಡವಾಯಿತು. ಯಾರಾದರೂ ಮೋಸ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬೀದಿಯಲ್ಲಿ ನಿಂತು ಮಣ್ಣು ತೂರಿ, ನಾಲ್ಕು ಜನರನ್ನು ಕೂಡಿಸಿ ನ್ಯಾಯ ಕೇಳಿ ಬರುತ್ತಿದ್ದೆ. ಈಗ ಯಾರ ಮೇಲೆ ತೀರಿಸಿಕೊಳ್ಳಲಿ? ಆಕೆಗೂ ಕಣ್ಣಲ್ಲಿ ನೀರು ಬಂತು. ಒಳಗೆ ಕೂರಿಸಿ ಟೀ ಕೊಟ್ಟರು. ದುಡ್ಡು ಖರ್ಚಾಗಿಹೋಗಿದೆ, ಇದ್ದಿದ್ದರೆ ವಾಪಸ್ಸು ಕೊಡುತ್ತಿದ್ದೆ ಎಂದರು. ನಾನು ನಂಬಿದೆ. ಆಮೇಲೆ ಯೋಚನೆ ಮಾಡಿ, ಒಳ್ಳೆಯ ಮನಸ್ಸಿನಿಂದಲೇ, ಇನ್ನೊಂದು ಮಾತು ಹೇಳಿದರು.

"ಚಿಂತಾಮಣೀಲಿ ನಮ್ಮ ತಮ್ಮ ಇದಾನೆ, ಖಾಜಾ ಪೀರ್ ಅಂತ, ಕಡ್ಲೆಕಾಯಿ ಮಂಡಿ. ಅವನಿಗೆ ನಂಬಿಕಸ್ತ ಡ್ರೈವರ್ ಒಬ್ಬ ಬೇಕಾಗಿದಾನೆ. ನಿಮ್ಮ ಯಜಮಾನ್ರನ್ನ ಕಳ್ಸು, ನಾನು ಹೇಳ್ತೀನಿ. ತಿಂಗ್ಳು ಸಂಬಳ, ಚಿಂತೆ ಇಲ್ಲ."

ಟೀ ಲೋಟ ಕೆಳಗಿಟ್ಟು ಎದ್ದೆ. "ನಮ್ಮ ಯಜಮಾನ್ರು ಓನರು ಅಮ್ಮ. ಡ್ರೈವರ್ ಅಲ್ಲ" ಎಂದು ಹೇಳಿ ಹೊರಗೆ ಬಂದೆ. ಬಸ್ ಸ್ಟ್ಯಾಂಡಿನ ತನಕ ಅಳುತ್ತಲೇ ನಡೆದೆ. ಮನೆಗೆ ಬಂದು ಸರ್ವೀಸಿನ ಕಥೆಯನ್ನೂ ಹೇಳಿದೆ, ಆಕೆ ಹೇಳಿದ ಕೆಲಸದ ಮಾತನ್ನೂ ಹೇಳಿ, ಉಪ್ಪು ಖಾರ ಹಚ್ಚಿ ಬೈದೆ. ಇವರು ಎಲ್ಲವನ್ನೂ ಕೇಳಿಸಿಕೊಂಡರು.

ಇಷ್ಟರ ಮೇಲೆ ಒಂದು ಮದುವೆಗೆ ಅಡ್ವಾನ್ಸ್ ತೆಗೆದುಕೊಂಡಾಗಿತ್ತು, ಅದು ಪಂಪಿಗೆ ಹೋಗಿಯೂ ಆಗಿತ್ತು. ಮದುವೆ ಚಿಕ್ಕಬಳ್ಳಾಪುರದಲ್ಲೇ. ಗಂಡನ್ನು ದೇವಸ್ಥಾನದಿಂದ ಛತ್ರಕ್ಕೆ ಕರೆತರುವ ಮೆರವಣಿಗೆ. ಗಾಡಿ ಇಲ್ಲ ಎಂದರೆ ದುಡ್ಡು ವಾಪಸ್ಸು ಕೊಡಬೇಕು, ಎಲ್ಲಿಂದ ತರುವುದು? ಸ್ಟ್ಯಾಂಡಿನವರೇ ಉಪಾಯ ಮಾಡಿದರು. ಇಂಜಿನ್ ಸತ್ತರೇನು, ಚಕ್ರ ತಿರುಗುತ್ತದೆಯಲ್ಲ! ಆರು ಜನ ಡ್ರೈವರುಗಳು ಇಸ್ತ್ರಿ ಷರ್ಟು ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು, ಗಂಡಿನ ಸ್ನೇಹಿತರ ಹಾಗೆ ಗಾಡಿಯ ಹಿಂದೆ ಕೈ ಇಟ್ಟುಕೊಂಡು ನಡೆದರು. ಗಾಡಿ ಹೋಯಿತು. ಮುಂದೆ ಬ್ಯಾಂಡ್ ಸೆಟ್ಟಿನವರ ಗದ್ದಲ, ದೀಪದವರು, ಪಟಾಕಿ. ಇಂಜಿನ್ ಇದೆಯೋ ಇಲ್ಲವೋ ಯಾರು ಕೇಳಿಸಿಕೊಳ್ಳುತ್ತಾರೆ?

ನಾನು ಹೆಂಗಸರ ಗುಂಪಿನಲ್ಲಿ ನಡೆಯುತ್ತಾ ಇವರನ್ನೇ ನೋಡುತ್ತಿದ್ದೆ. ಇಂಜಿನ್ ಓಡದಿದ್ದರೆ ಆ ಗಾಡಿಯ ಸ್ಟೇರಿಂಗು ಕಲ್ಲಿನ ಹಾಗೆ ಗಟ್ಟಿಯಂತೆ. ತಿರುವು ಬಂದಾಗ ಇವರ ಕತ್ತಿನ ನರ ಉಬ್ಬುತ್ತಿತ್ತು. ಬೆವರು ಕಾಲರಿಗೆ ಇಳಿಯುತ್ತಿತ್ತು. ಆದರೂ ಮುಖದಲ್ಲಿ ನಗು ಇಟ್ಟುಕೊಂಡೇ ಇದ್ದರು, ಪಕ್ಕಕ್ಕೆ ಬಂದವರಿಗೆ ತಲೆ ಆಡಿಸುತ್ತಿದ್ದರು. ಹಿಂದಿನಿಂದ ನಮ್ಮವರಲ್ಲೊಬ್ಬ, "ಓನರೇ, ಬ್ರೇಕು ಒತ್ತಬೇಡಿ, ನಮ್ಮ ಸೊಂಟ ಹೋಗ್ತದೆ" ಎಂದು ಪಿಸುಗುಟ್ಟಿದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಛತ್ರದ ಮುಂದೆ ಗಂಡನ್ನು ಇಳಿಸಿಕೊಂಡು ಎಲ್ಲರೂ ಒಳಗೆ ಹೋದರು. ಆಗ ಒಬ್ಬ ಮನುಷ್ಯ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಬಯ್ಯಪ್ಪ ಎಂದು ಹೆಸರು, ಮಂಡಿಕಲ್ ಕಡೆಯವನು, ಹೆಣ್ಣಿನ ಸೋದರಮಾವನೋ ಏನೋ ಆಗಬೇಕು. "ಅಬ್ಬಬ್ಬಬ್ಬಾ, ಏಂ ಬಂಡಿ! ಚೂರು ಸದ್ದಿಲ್ವಲ್ಲಣ್ಣ! ಪಕ್ಕದಲ್ಲೇ ನಡ್ಕೊಂಡು ಬಂದೆ, ಇಂಜಿನ್ ಸದ್ದೇ ಕೇಳ್ಸಲ್ಲ" ಎಂದ. ಇವರು ಸುಮ್ಮನೆ ನಕ್ಕರು. ಆತ ಬಾನೆಟ್ಟಿನ ಮೇಲೆ ಕೈ ಆಡಿಸಿ, ದನಿ ತಗ್ಗಿಸಿ, ಮಾರುವುದಿದ್ದರೆ ಹೇಳು, ಒಂದು ವಾರದಲ್ಲಿ ಪೂರ್ತಿ ದುಡ್ಡು ತಂದು ಕೊಡುತ್ತೇನೆ ಎಂದ. ಆತ ಹೇಳಿದ ರೇಟು ನಾವು ಕೊಟ್ಟದ್ದಕ್ಕಿಂತ ಹೆಚ್ಚೇ ಇತ್ತು.

ಆ ದುಡ್ಡಿಗೆ ಮರುದಿನವೇ ಒಂದು ಅಂಬಾಸಿಡರ್ ಬರುತ್ತದೆ. ಇವರು ಮತ್ತೆ ಸ್ಟ್ಯಾಂಡಿನಲ್ಲಿ ನಿಲ್ಲುತ್ತಾರೆ. ನಾನು ಇವರ ಮುಖವನ್ನೇ ನೋಡಿದೆ. ಬಾಯಿ ಬಿಡಬೇಡಿ, ಹೂಂ ಎನ್ನಿ ಸಾಕು, ಎಂದು ಕಣ್ಣಲ್ಲೇ ಹೇಳಿದೆ. ಇವರು ಆತನನ್ನು ಏನೋ ಕೇಳಿದರು, ಆತ ಕೈ ಬೀಸಿ ಏನೋ ಹೇಳಿದ. ಬ್ಯಾಂಡಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಆಮೇಲೆ ಇವರು ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಬೇಡಣ್ಣ. ಇದು ಓಡ್ಲಿಲ್ಲ, ಇವರು ಹಿಂದಿನಿಂದ ತಳ್ಕೊಂಡು ಬಂದ್ರು. ಇಂಜಿನ್ ಹೋಗಿದೆ."

ಬಯ್ಯಪ್ಪ ತಮಾಷೆ ಎಂದುಕೊಂಡು ನಕ್ಕ. ಆಮೇಲೆ ಹಿಂದೆ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ ಆರು ಜನರನ್ನು ನೋಡಿ ನಗು ನಿಲ್ಲಿಸಿ ಛತ್ರದೊಳಗೆ ಹೋದ.

ವಾಪಸ್ಸು ಗಾಡಿ ತಳ್ಳಿಕೊಂಡು ಹೊರಟಾಗ ಬೀದಿ ಖಾಲಿಯಾಗಿತ್ತು. ನಾನು ಕಿಟಕಿಯ ಪಕ್ಕದಲ್ಲೇ ನಡೆಯುತ್ತಾ ಶುರು ಮಾಡಿದೆ. ಇಷ್ಟು ದಿನದ್ದೆಲ್ಲ ಒಟ್ಟಿಗೇ ಬಂತು.

"ನಾನು ಕೇಳಿದ್ನಾ ನಿಮ್ಮನ್ನ, ಸತ್ಯಹರಿಶ್ಚಂದ್ರ ಆಗಿ ಅಂತ? ನಮಗೆ ಯಾರು ಹೇಳಿದ್ರು? ನಮ್ಮ ತಲೆ ಮೇಲೆ ಬಿದ್ದಾಗ ಯಾರು ಬಂದ್ರು? ಬಾಯಿ ಮುಚ್ಕೊಂಡು ಇದ್ದಿದ್ರೆ ಆಗ್ತಿತ್ತಲ್ರೀ! ದುಡ್ಡಿರೋರು, ಕೊಂಡು ಆಟ ಆಡ್ಕೊಳ್ತಿದ್ರು!"

"ದುಡ್ಡಿರೋನಲ್ಲ ಕಣೇ" ಎಂದರು ಇವರು, ಮುಂದೆ ನೋಡುತ್ತಲೇ. "ಒಂದು ಟೆಂಪೋ ಇಟ್ಕೊಂಡಿದಾನೆ, ಸ್ವಂತದ್ದು. ದುಡ್ಡು ಹೆಂಗೆ ತರ್ತೀಯಪ್ಪ ಅಂತ ಕೇಳ್ದೆ. ಅದನ್ನ ಮಾರ್ತೀನಿ ಅಂದ."

ನನ್ನ ಸಿಟ್ಟು ಅಷ್ಟಕ್ಕೆಲ್ಲ ಇಳಿಯುವಂಥದ್ದಲ್ಲ. ಅವನು ಏನಾದರೂ ಮಾಡಿಕೊಳ್ಳಲಿ, ನಮಗೇನಾಗಬೇಕು ಎಂದೆ. ನಾಳೆ ಒಲೆಗೆ ಏನಿಡಲಿ ಎಂದೆ. ಸತ್ಯ ಬೇಯಿಸಿ ಬಡಿಸಲಾ ಎಂದೆ. ಹಿಂದಿನವರು ತಳ್ಳುತ್ತಲೇ ಇದ್ದರು. ಕೊನೆಗೆ ನನಗೇ ಸಾಕಾಯಿತು. ಆ ಮಾತು ಹೇಳಲು ನಾಲಿಗೆ ಬರಲಿಲ್ಲ, ಆದರೂ ಹೇಳಿದೆ.

"ನಾಳೆ ಶಿಡ್ಲಘಟ್ಟಕ್ಕೆ ನಾನೇ ಹೋಗ್ತೀನಿ. ಆಯಮ್ಮನ ಕಾಲು ಹಿಡ್ಕೊಂಡಾದ್ರೂ ಆ ಚಿಂತಾಮಣಿ ಕೆಲಸ ಕೇಳ್ತೀನಿ."

"ಬೇಡ" ಎಂದರು ಇವರು. "ನಾನು ಮೊನ್ನೇನೇ ಹೋಗಿ ಒಪ್ಕೊಂಡು ಬಂದೆ. ಸೋಮವಾರದಿಂದ ಬಾ ಅಂದಿದಾರೆ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ರಸ್ತೆ ಸ್ವಲ್ಪ ಏರು ಬಂದು ಗಾಡಿ ನಿಂತಿತು. ಹಿಂದಿನವರು ಉಸಿರು ಬಿಡುತ್ತಾ ಕೈ ತೆಗೆಯದೆ ನಿಂತರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಕ್ಕೆ ಹೋಗಿ, ಇಬ್ಬರ ನಡುವೆ ಜಾಗ ಮಾಡಿಕೊಂಡು, ಆ ಹಾಳು ಗಾಡಿಗೆ ಎರಡೂ ಕೈ ಕೊಟ್ಟು ತಳ್ಳಿದೆ. "ಸ್ಟೇರಿಂಗ್ ನೆಟ್ಟಗೆ ಹಿಡ್ಕೊಳ್ರೀ!" ಎಂದು ಇವರಿಗೆ ಕೂಗಲು ಹೋದೆ, ಅಳು ಬಂದುಬಿಟ್ಟಿತು.